ಮರೆಯದಿರುವ ಅಭ್ಯಾಸ

(ಲ್ಯಾನ್‌ಹ್ಯಾಮ್‌ನಲ್ಲಿ ಕನ್ನಡ ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಈ ಕೂಟದ ಸಂಚಾಲಕರು ನನ್ನನ್ನು ಮಾತಿಗೆ ಕರೆದಾಗ ವಿಷಯವನ್ನೂ ತಾವೇ ಸೂಚಿಸಿದ್ದರು: ವೈಯಕ್ತಿಕ ಸಂಕಷ್ಟದ ನಂತರ ನಾಯಕತ್ವದ ತರಬೇತಿಯಲ್ಲಿಯೂ ಮೈಂಡ್‌ಫುಲ್‌ನೆಸ್‌ನಲ್ಲಿಯೂ ಬದುಕಿನ ಗುರಿಯನ್ನು ಕಂಡುಕೊಂಡ ಬಗೆ. ಒಪ್ಪಿಕೊಂಡೆನಾದರೂ ಟಿಪ್ಪಣಿ ಬರೆಯಲು ಕುಳಿತಾಗ ಮುಜುಗರವಾಯಿತು. ಈ ಬಗೆಯ ಕಥೆಗಳಿಗೆ ಅಮೆರಿಕದಲ್ಲಿ ಸಿದ್ಧವಾದ ಒಂದು ಅಚ್ಚಿದೆ. ಮೊದಲು ಬೀಳಬೇಕು, ಆಮೇಲೆ ಉಸಿರಾಡಬೇಕು, ಆಮೇಲೆ ಏಳಬೇಕು, ಕೊನೆಯಲ್ಲಿ ಗಂಟೆಗೆ ಇಷ್ಟು ಡಾಲರ್ ಎಂಬ ಶುಲ್ಕಪಟ್ಟಿ ಇರಬೇಕು. ನನ್ನ ಕಥೆ ಆ ಅಚ್ಚಿಗೆ ಸಲೀಸಾಗಿ ಹೊಂದಿಕೊಳ್ಳುತ್ತದೆ. ಗಂಡ ತೀರಿಕೊಂಡರು, ಧ್ಯಾನ ಕಲಿತೆ, ಕೋಚ್ ಆದೆ. ಮೂರು ಮಾತಿನಲ್ಲಿ ಮುಗಿದುಹೋಗುತ್ತದೆ. ಆ ಮೂರು ಮಾತಿನೊಳಗೆ ಸೇರದೆ ಹೊರಗುಳಿದದ್ದನ್ನು ಇಂದು ಹೇಳಲು ಪ್ರಯತ್ನಿಸುತ್ತೇನೆ.

ನಾನು ಈ ದೇಶಕ್ಕೆ ಬಂದದ್ದು 2001ರಲ್ಲಿ, ಎಚ್-4 ವೀಸಾದ ಮೇಲೆ. ಮಾನಸಗಂಗೋತ್ರಿಯಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿದ್ದೆ. ಇಲ್ಲಿನ ಕಾಗದಪತ್ರಗಳಲ್ಲಿ ನನ್ನ ಹೆಸರಿನ ಮುಂದೆ ಇದ್ದ ಪದ 'ಅವಲಂಬಿತೆ'. ಎಚ್-4ರ ಹೆಂಗಸರಲ್ಲಿ ಕೆಲವರಿಗಾದರೂ ಕೆಲಸ ಮಾಡುವ ಅನುಮತಿ ದೊರೆತದ್ದು 2015ರ ಮೇ ತಿಂಗಳಿನಲ್ಲಿ. ಅದಕ್ಕೆ ಮುಂಚೆ ನಮ್ಮಂಥವರು ಓದಿದ್ದನ್ನು ಮರೆಯುವುದರಲ್ಲಿ ಪರಿಣತರಾಗುತ್ತಿದ್ದೆವು. ನನಗೆ 2008ರಲ್ಲಿ ಗ್ರೀನ್ ಕಾರ್ಡ್ ಬಂತು. ಸರ್ಕಾರಿ ಗುತ್ತಿಗೆಗಳನ್ನು ಹಿಡಿದು ನಡೆಸುವ ಒಂದು ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದೆ. ಕೆಲವು ವರ್ಷಗಳಲ್ಲಿ ಒಂದು ತಂಡದ ಮ್ಯಾನೇಜರ್ ಆದೆ.

2016ರ ಜನವರಿಯ ಹಿಮಪಾತವನ್ನು ಇಲ್ಲಿರುವ ಬಹಳ ಮಂದಿ ಮರೆತಿರಲಾರಿರಿ. ಇಪ್ಪತ್ತೆರಡರಿಂದ ಇಪ್ಪತ್ನಾಲ್ಕರವರೆಗೆ ಬಿದ್ದ ಮಂಜು ಈ ಪ್ರಾಂತವನ್ನೆಲ್ಲ ಹೂತುಬಿಟ್ಟಿತ್ತು. ಇಪ್ಪತ್ನಾಲ್ಕರ ಮಧ್ಯಾಹ್ನ ನನ್ನ ಯಜಮಾನರು ಮನೆಯ ಮುಂದಿನ ಮಂಜನ್ನು ಸಲಿಕೆಯಿಂದ ಎತ್ತಿಹಾಕುತ್ತಿದ್ದವರು ಅಲ್ಲಿಯೇ ಕುಸಿದರು. ಅವರಿಗೆ ನಲವತ್ತೇಳು. ಮಗಳಿಗೆ ಹನ್ನೊಂದು. ಆಂಬುಲೆನ್ಸ್ ಬೀದಿಯ ತಿರುವಿನವರೆಗೆ ಬಂದು ನಿಂತಿತು; ಅಲ್ಲಿಂದ ನಮ್ಮ ಬಾಗಿಲಿಗೆ ದಾರಿಯಿರಲಿಲ್ಲ. ಮರುದಿನ ಬೆಳಿಗ್ಗೆ ಆಸ್ಪತ್ರೆಯಿಂದ ಮರಳಿದಾಗ ಯಾರೋ ನಮ್ಮ ಮುಂಬಾಗಿಲಿನ ಮಂಜನ್ನು ಪೂರ್ತಿ ತೆಗೆದಿದ್ದರು. ಎದುರುಮನೆಯ ಆಫ್ರಿಕನ್ ಅಮೆರಿಕನ್ ಹೆಂಗಸು, ನನಗಿಂತ ಹತ್ತು ವರ್ಷ ಹಿರಿಯರು. ಎಂಟು ವರ್ಷ ಎದುರುಬದುರಾಗಿ ಬದುಕಿಯೂ ಅವರೊಡನೆ ನನಗೆ ಕೈಬೀಸುವಷ್ಟು ಮಾತ್ರ ಪರಿಚಯವಿತ್ತು. ಆ ದಾರಿ ತಾನೇ ತೆಗೆದದ್ದೆಂದು ಅವರು ಬಾಯಿಬಿಟ್ಟು ಹೇಳಿದ್ದು ಒಂದು ವರ್ಷದ ಬಳಿಕ. ಅವರನ್ನು ಕುರಿತು ಮುಂದೆ ಹೇಳುವುದಿದೆ.

ಇಲ್ಲಿ ಒಂದು ಮಾತು. ಇದೇ ಸಾವು 2007ರಲ್ಲಿ ಸಂಭವಿಸಿದ್ದರೆ ಶೋಕಿಸುವ ಹಕ್ಕು ಕೂಡ ನನಗೆ ಇಲ್ಲಿ ಇರುತ್ತಿರಲಿಲ್ಲ. ಗಂಡನ ವೀಸಾ ಸತ್ತರೆ ಹೆಂಡತಿಯದೂ ಸಾಯುತ್ತದೆ. 2017ರ ಫೆಬ್ರವರಿಯಲ್ಲಿ ಕ್ಯಾನ್ಸಸ್‌ನ ಒಲೇಥದಲ್ಲಿ ಶ್ರೀನಿವಾಸ ಕೂಚಿಭೋಟ್ಲ ಅವರನ್ನು ಜನಾಂಗದ್ವೇಷಿಯೊಬ್ಬ ಗುಂಡಿಟ್ಟು ಕೊಂದಾಗ ಅವರ ಪತ್ನಿ ಸುನಯನಾ ದುಮಾಲ ಅವರಿಗೆ ಆದದ್ದು ಇದೇ. ಅಂತ್ಯಕ್ರಿಯೆಗೆ ಹೈದರಾಬಾದಿಗೆ ಹೋದವರಿಗೆ ತಮ್ಮ ಮನೆಗೆ ಹಿಂತಿರುಗಲು ಒಬ್ಬ ಸಂಸದರ ನೆರವು ಬೇಕಾಯಿತು. ಆಮೇಲೆ ಅವರು 'ಫಾರೆವರ್ ವೆಲ್ಕಮ್' ಎಂಬ ಸಂಸ್ಥೆ ಕಟ್ಟಿದರು. ಸಂಕಷ್ಟದಿಂದ ಗುರಿ ಹುಟ್ಟುತ್ತದೆಂದು ನಾವು ಹೇಳುವಾಗ ಇಂಥವರನ್ನು ಹೆಸರಿಸುತ್ತೇವೆ. ಅವರ ದುಃಖಕ್ಕೆ ಒಂದು ನಿಯಮವೂ ಕಾರಣವಾಗಿತ್ತು ಎಂಬುದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ.

ನನ್ನನ್ನು ನಿಜವಾಗಿ ಒಡೆದದ್ದು ಗಂಡನ ಸಾವಲ್ಲ ಎಂದರೆ ನೀವು ಕಠೋರಳೆಂದುಕೊಳ್ಳಬಹುದು. ಸಾವನ್ನು ಊರಿನಿಂದ ಬಂದ ಅತ್ತೆ, ಮಗಳ ಶಾಲೆ, ಬ್ಯಾಂಕಿನ ಕಂತು ಇವೆಲ್ಲ ಸೇರಿ ಹೇಗೋ ಹೊತ್ತವು. ಒಡೆದದ್ದು ಮರುವರ್ಷ, 2017ರ ಶರತ್ಕಾಲದಲ್ಲಿ. ನಮ್ಮ ಸಂಸ್ಥೆಯ ಕೈಯಿಂದ ಒಂದು ಗುತ್ತಿಗೆ ತಪ್ಪಿತು. ನನ್ನ ತಂಡದ ಹನ್ನೊಂದು ಜನರನ್ನು ತೆಗೆಯಬೇಕೆಂದು ತೀರ್ಮಾನವಾಯಿತು. ಸಿಬ್ಬಂದಿ ವಿಭಾಗದವರು ನನಗೆ ಒಂದು ಪುಟದ ಬರಹ ಕೊಟ್ಟರು. ಅದನ್ನು ಓದಬೇಕು, ಅದರಾಚೆಗೆ ಒಂದು ಪದ ಆಡಕೂಡದು. ಒಬ್ಬೊಬ್ಬರಿಗೆ ಹದಿನೈದು ನಿಮಿಷ. ಬೆಳಿಗ್ಗೆ ಒಂಬತ್ತಕ್ಕೆ ಆರಂಭಿಸಿ ಹನ್ನೆರಡಕ್ಕೆ ಮುಗಿಸಿದೆ. ಏಳನೆಯವರಾಗಿ ಬಂದ ಮಹಿಳೆ, ಯಜಮಾನರು ಹೋದ ಮೂರು ತಿಂಗಳ ಕಾಲ ನನ್ನ ಕೆಲಸದ ಅರ್ಧವನ್ನು ಸದ್ದಿಲ್ಲದೆ ಮಾಡಿಕೊಟ್ಟಿದ್ದವರು. ಅವರಿಗೂ ಅದೇ ಪುಟವನ್ನು ಅದೇ ದನಿಯಲ್ಲಿ ಓದಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ಈ ಪಟ್ಟಿಯನ್ನು ಮಾಡಿದ್ದು ನೀನೇನಾ? ಆ ಪುಟದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನಾನು ಸುಮ್ಮನೆ ಕುಳಿತೆ. ಪಟ್ಟಿಯನ್ನು ಮಾಡಿದ್ದು ನಾನೇ.

ಎರಡು ವಾರ ಕಳೆದ ಮೇಲೆ ಉಳಿದವರಿಗಾಗಿ ಸಂಸ್ಥೆಯವರು ಮೈಂಡ್‌ಫುಲ್‌ನೆಸ್ ಶಿಬಿರವೊಂದನ್ನು ಏರ್ಪಡಿಸಿದರು. ಹಸನ್ಮುಖಿ ಶಿಕ್ಷಕರೊಬ್ಬರು ನಮ್ಮ ಕೈಗೆ ಒಂದೊಂದು ಒಣದ್ರಾಕ್ಷಿ ಕೊಟ್ಟು, ಅದರ ಸುಕ್ಕು, ಬಣ್ಣ, ವಾಸನೆಗಳನ್ನು ಐದು ನಿಮಿಷ ನೋಡಿ, ಆಮೇಲೆ ನಿಧಾನವಾಗಿ ಅಗಿಯಿರಿ ಎಂದರು. ಈ ಒಣದ್ರಾಕ್ಷಿಯ ಅಭ್ಯಾಸ ಪ್ರಸಿದ್ಧವಾದದ್ದು, ಹೀಗಳೆಯುವಂಥದ್ದಲ್ಲ. ಆದರೆ ನನ್ನ ಎಡಬಲದ ಕುರ್ಚಿಗಳು ಖಾಲಿಯಾಗಿದ್ದವು. ಒಣದ್ರಾಕ್ಷಿಯ ಸುಕ್ಕುಗಳನ್ನೆಲ್ಲ ಎಣಿಸಿದ ನಾವು ಆ ಹನ್ನೊಂದು ಕುರ್ಚಿಗಳ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ವರ್ತಮಾನದಲ್ಲಿರಿ ಎಂಬ ಬೋಧನೆಯಲ್ಲಿ 'ಮರೆತುಬಿಡಿ' ಎಂಬ ಆಜ್ಞೆಯೂ ಅಡಗಿರಬಹುದೆಂದು ನನಗೆ ಮೊದಲ ಬಾರಿ ಅನ್ನಿಸಿತು. ಅಂದಿನಿಂದ ನಿದ್ದೆ ಕೆಟ್ಟಿತು.

ಮುಂದಿನ ಬೇಸಿಗೆಯಲ್ಲಿ ಮಗಳನ್ನು ತಮ್ಮನ ಮನೆಯಲ್ಲಿ ಬಿಟ್ಟು ಮ್ಯಾಸಚೂಸೆಟ್ಸ್‌ನ ಶೆಲ್ಬರ್ನ್ ಫಾಲ್ಸ್‌ನಲ್ಲಿರುವ ವಿಪಶ್ಯನ ಕೇಂದ್ರಕ್ಕೆ ಹೋದೆ. ಹತ್ತು ದಿನದ ಮೌನ, ಬೆಳಗಿನ ನಾಲ್ಕಕ್ಕೆ ಗಂಟೆ, ಶುಲ್ಕವಿಲ್ಲ. ಮುಂಚೆ ಕಲಿತುಹೋದವರ ದೇಣಿಗೆಯಿಂದಲೇ ನಡೆಯುತ್ತದೆ. ಮೊದಲ ಮೂರು ದಿನ ಉಸಿರನ್ನು ಗಮನಿಸುವುದು, ನಾಲ್ಕನೆಯ ದಿನದಿಂದ ಮೈಯ ಸಂವೇದನೆಗಳನ್ನು ನೋಡುವುದು. ಸತ್ತುಹೋದ ಗಂಡನ ಮುಖ ಬರುತ್ತದೆ, ಅತ್ತು ಹಗುರಾಗುತ್ತೇನೆ ಎಂದು ನಾನು ಎಣಿಸಿದ್ದೆ. ಆರನೆಯ ದಿನ ಬಂದದ್ದು ಹನ್ನೊಂದು ಹೆಸರುಗಳು, ಪಟ್ಟಿಯಲ್ಲಿದ್ದ ಕ್ರಮದಲ್ಲಿಯೇ. ಆ ದಿನವಿಡೀ ಅವೇ. ಮೊಣಕಾಲಿನ ನೋವಿನೊಡನೆ ಸೇರಿಕೊಂಡು ಒಂದಾದ ಮೇಲೊಂದು. ಶಾಂತಿ ಎಂಬುದು ನನಗೆ ಅಲ್ಲಿ ಸಿಗಲಿಲ್ಲ. ಸಿಕ್ಕಿದ್ದು ಒಂದು ಬಗೆಯ ನಿಚ್ಚಳ. ನಾನು ಏನನ್ನು ಮರೆಯಲು ಹೊರಟಿದ್ದೆನೋ ಅದು ಎದುರು ಬಂದು ಕುಳಿತಿತ್ತು.

ಈ ವಿಧಾನವನ್ನು ಜಗತ್ತಿಗೆ ಹಬ್ಬಿಸಿದ ಸತ್ಯನಾರಾಯಣ ಗೋಯೆಂಕ ಅವರ ಬದುಕನ್ನು ಓದಿದ್ದು ಹಿಂತಿರುಗಿದ ಮೇಲೆ. 1924ರಲ್ಲಿ ಮಂಡಾಲೆಯಲ್ಲಿ ಹುಟ್ಟಿದ ಮಾರವಾಡಿ ಉದ್ಯಮಿ. ಅವರಿಗೆ ಯಾವ ವೈದ್ಯರಿಂದಲೂ ವಾಸಿಯಾಗದ ಮೈಗ್ರೇನ್ ಇತ್ತು. ರಂಗೂನಿನಲ್ಲಿ ಸಯಾಜಿ ಊ ಬಾ ಖಿನ್ ಎಂಬ ಗುರುಗಳ ಬಳಿಗೆ ಹೋದರು. ಈ ಗುರುಗಳು ಸನ್ಯಾಸಿಯಲ್ಲ. ಸ್ವತಂತ್ರ ಬರ್ಮಾದ ಮೊದಲ ಅಕೌಂಟೆಂಟ್ ಜನರಲ್, ಸಂಸಾರಸ್ಥ, ತಮ್ಮ ಕಚೇರಿಯ ಗುಮಾಸ್ತರಿಗೂ ಧ್ಯಾನ ಕಲಿಸುತ್ತಿದ್ದ ಅಧಿಕಾರಿ. ತಲೆನೋವಿಗಾಗಿ ಬಂದಿದ್ದೇನೆ ಎಂದಾಗ ಅವರು ಗೋಯೆಂಕರನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲವಂತೆ. ಮನಸ್ಸಿನ ಮಲಿನತೆಯನ್ನು ತೊಳೆಯುವುದಕ್ಕೆ ಬರುವುದಾದರೆ ಬಾ, ತಲೆನೋವು ಹೋದರೆ ಅದು ಉಪಲಾಭ, ಅದನ್ನೇ ಗುರಿ ಮಾಡಿಕೊಂಡರೆ ಧರ್ಮದ ಬೆಲೆ ಇಳಿಸಿದಂತೆ ಎಂಬುದು ಅವರ ನಿಲುವು. 1962ರ ಸೈನಿಕ ಕ್ರಾಂತಿಯ ನಂತರ ಬರ್ಮಾ ಸರ್ಕಾರ ಉದ್ಯಮಗಳನ್ನು ರಾಷ್ಟ್ರೀಕರಿಸಿದಾಗ ಗೋಯೆಂಕರು ಕಾರ್ಖಾನೆಗಳನ್ನು ಕಳೆದುಕೊಂಡರು. ದೊರೆತ ಬಿಡುವಿನಲ್ಲಿ ಗುರುವಿನ ಬಳಿ ಕಲಿತರು. 1969ರಲ್ಲಿ ಭಾರತಕ್ಕೆ ಬಂದು ಮುಂಬಯಿಯಲ್ಲಿ ಮೊದಲ ಶಿಬಿರ ನಡೆಸಿದರು. ಕಾರ್ಖಾನೆ ಕಳೆದುಕೊಂಡ ಮಾಲೀಕನಿಗೆ ಬಿಡುವು ಸಿಗುತ್ತದೆ, ಅದೇ ಕಾರ್ಖಾನೆಯ ಕೂಲಿಯವನಿಗೆ ಹಸಿವು ಸಿಗುತ್ತದೆ ಎಂದು ನಮ್ಮಂಥವರಿಗೆ ತಕ್ಷಣ ಹೊಳೆಯುತ್ತದೆ. ಅದು ನಿಜ. ಆದರೂ ಆ ಅಕೌಂಟೆಂಟ್ ಜನರಲ್‌ನ ನಿರಾಕರಣೆ ನನಗೆ ಬಹಳ ಹಿಡಿಸಿತು. ಇಂದಿನ ಯಾವ ಕಂಪನಿ ಅಂಥ ಶಿಕ್ಷಕನನ್ನು ಕರೆಸೀತು?

1979ರಲ್ಲಿ ಜಾನ್ ಕಬಟ್-ಝಿನ್ ಅವರು ಮ್ಯಾಸಚೂಸೆಟ್ಸ್‌ನ ವುಸ್ಟರ್‌ನ ಆಸ್ಪತ್ರೆಯಲ್ಲಿ ಪಾಠಕ್ರಮವೊಂದನ್ನು ಆರಂಭಿಸಿದ್ದು ವೈದ್ಯಶಾಸ್ತ್ರ ಕೈಬಿಟ್ಟಿದ್ದ ರೋಗಿಗಳಿಗಾಗಿ. ಅಲ್ಲಿಂದ ಅದು 2007ರ ಹೊತ್ತಿಗೆ ಗೂಗಲ್‌ನ ಕಚೇರಿಯನ್ನು ತಲುಪಿತು. ಅಲ್ಲಿಂದ ಎಲ್ಲರ ಫೋನಿಗೆ. 2019ರಲ್ಲಿ ರೊನಾಲ್ಡ್ ಪರ್ಸರ್ ಇದನ್ನು ಕುರಿತು, ಮ್ಯಾಕ್‌ಡೊನಾಲ್ಡ್ಸ್ ನೆನಪಾಗುವಂತೆ, 'ಮ್ಯಾಕ್‌ಮೈಂಡ್‌ಫುಲ್‌ನೆಸ್' ಎಂಬ ಹೆಸರಿನ ಪುಸ್ತಕ ಬರೆದರು. ಅದನ್ನು ನೀವು ಓದಿರುತ್ತೀರಿ, ವಿಸ್ತರಿಸುವುದಿಲ್ಲ.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದು ಸಣ್ಣ ಭಾಷಾವಿಚಾರ. ಪಾಳಿಯ 'ಸತಿ' ಎಂಬ ಪದವನ್ನು 1881ರಲ್ಲಿ ರೀಸ್ ಡೇವಿಡ್ಸ್ ಇಂಗ್ಲಿಷಿಗೆ 'ಮೈಂಡ್‌ಫುಲ್‌ನೆಸ್' ಎಂದು ತಂದರು. ಪಾಳಿಯ ಆ 'ಸತಿ' ಸಂಸ್ಕೃತದ 'ಸ್ಮೃತಿ'. ಅಂದರೆ ನೆನಪು. ಈ ಕ್ಷಣದಲ್ಲಿ ತೇಲುವುದಲ್ಲ, ಮರೆಯದಿರುವುದು. ಕನ್ನಡದಲ್ಲಿ ನಾವು ಇದನ್ನು 'ಸಾವಧಾನ' ಎನ್ನುತ್ತೇವೆ, 'ಎಚ್ಚರ' ಎನ್ನುತ್ತೇವೆ. ಹಳ್ಳಿಗಳಲ್ಲಿ 'ಗ್ಯಾನ ಇರಲಿ' ಎಂದರೆ ನೆನಪಿರಲಿ ಎಂಬ ಅರ್ಥವೂ ಇದೆ. ಆ ಹಳ್ಳಿಯ ಮಾತೇ ಮೂಲಕ್ಕೆ ಹತ್ತಿರ ಎಂದು ನನಗೆ ತೋರುತ್ತದೆ.

2019ರಲ್ಲಿ ಆ ಹನ್ನೊಂದು ಜನರಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿದೆ. ಕ್ಷಮೆ ಕೇಳುವುದಕ್ಕೆಂದು ಹೇಳಲಾರೆ. ಹೇಗಿದ್ದೀರಿ ಎಂದು ಕೇಳುವುದಕ್ಕೆ. ಏಳು ಜನ ಮಾತನಾಡಿದರು. ಇಬ್ಬರಿಗೆ ಹೆಚ್ಚಿನ ಸಂಬಳದ ಕೆಲಸ ಸಿಕ್ಕಿತ್ತು. ಒಬ್ಬರು ಮನೆ ಮಾರಿ ನಾರ್ತ್ ಕ್ಯಾರೊಲೈನಾಗೆ ಹೋಗಿದ್ದರು. ಒಬ್ಬರು ನಲವತ್ತು ನಿಮಿಷ ಬೈದರು, ನಾನು ಕೇಳಿದೆ. ಒಬ್ಬರು, ನಿನ್ನ ನೆಮ್ಮದಿಗಾಗಿ ನನಗೆ ಮತ್ತೆ ಫೋನ್ ಮಾಡಬೇಡ ಎಂದರು. ಆ ಮಾತು ನ್ಯಾಯವಾದದ್ದು. ಪಟ್ಟಿಯ ಏಳನೆಯವರು ಫೋನ್ ಎತ್ತಲಿಲ್ಲ, ಇಂದಿಗೂ ಎತ್ತಿಲ್ಲ.

ಕೋಚ್ ಆಗುವ ಯೋಚನೆ ಬಂದದ್ದು ಈ ಕರೆಗಳಿಂದ. 'ಕೋಚ್' ಎಂಬ ಪದ ಹಂಗೆರಿಯ ಕೋಚ್ ಎಂಬ ಹಳ್ಳಿಯಿಂದ ಬಂದದ್ದು. ಅಲ್ಲಿ ಒಳ್ಳೆಯ ಸಾರೋಟುಗಳನ್ನು ಮಾಡುತ್ತಿದ್ದರು. ವಿದ್ಯಾರ್ಥಿಯನ್ನು ಪರೀಕ್ಷೆ ದಾಟಿಸುವ ಶಿಕ್ಷಕನಿಗೆ ಆ ಹೆಸರು ಅಂಟಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1974ರಲ್ಲಿ ಟಿಮೊಥಿ ಗಾಲ್ವೇ ಟೆನಿಸ್ ಕುರಿತು ಬರೆದ ಪುಸ್ತಕದಿಂದ ಆಟದ ಅಂಗಳದ ವಿದ್ಯೆ ಕಚೇರಿಗಳತ್ತ ಹೊರಳಿತು. 1992ರಲ್ಲಿ ಜಾನ್ ವಿಟ್‌ಮೋರ್ ಅದಕ್ಕೊಂದು ಚೌಕಟ್ಟು ಕೊಟ್ಟರು: ಗುರಿ ಏನು, ವಾಸ್ತವ ಏನು, ಯಾವ ದಾರಿಗಳಿವೆ, ಏನು ಮಾಡುತ್ತೀರಿ? ಸಲಹೆ ಕೊಡಬಾರದು, ಪ್ರಶ್ನೆ ಕೇಳಬೇಕು, ಕೇಳಿ ಸುಮ್ಮನಿರಬೇಕು. ಪ್ರಮಾಣಪತ್ರಕ್ಕಾಗಿ ಮೊದಲ ಹಂತದಲ್ಲಿ ನೂರು ಗಂಟೆಗಳ ಅನುಭವ ಬೇಕು. ನಾನದನ್ನು 2020ರಲ್ಲಿ ಮುಗಿಸಿದೆ.

ಈ ವಿದ್ಯೆಯನ್ನು ಹಗುರವಾಗಿ ಕಾಣಬೇಡಿ. ಎಚ್-4ರ ಮೇಲೆ ಒಂಬತ್ತು ವರ್ಷ ಮನೆಯಲ್ಲಿದ್ದ ಕನ್ನಡದ ಹೆಣ್ಣುಮಗಳೊಬ್ಬಳಿಗೆ ಮೊದಲ ಭೇಟಿಯಲ್ಲಿ 'ನಿಮಗೇನು ಬೇಕು' ಎಂದು ಕೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, ಇಷ್ಟು ವರ್ಷದಲ್ಲಿ ಹೀಗೆ ಕೇಳಿದ್ದು ಹೋಟೆಲಿನವರು ಮಾತ್ರ ಎಂದಳು. ನಗುವುದಕ್ಕೆ ಹೋಗಿ ಇಬ್ಬರೂ ಅತ್ತೆವು. ನಮ್ಮ ಮನೆಗಳಲ್ಲಿ ಸಲಹೆ ಕೊಡುವವರಿಗೆ ಬರವಿಲ್ಲ, ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವವರಿಗೆ ಬರ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಿರಿ. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದ ಗಂಡ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಇದು ನಮಗೇಕೆಂದು ಪ್ರಶ್ನಿಸಿ ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಮಾಡಿದಳು. ನಾಯಕತ್ವದ ತರಬೇತಿಯ ಪುಸ್ತಕಗಳಲ್ಲಿ ಇನ್ನಷ್ಟು ಗಳಿಸುವುದು ಹೇಗೆಂಬ ಪ್ರಶ್ನೆಗಳು ನೂರಾರು ಇವೆ. ಇಷ್ಟೇಕೆ, ಹಿಂದಕ್ಕೆ ಕೊಡು ಎಂಬುದನ್ನು ನಾನು ಇನ್ನೂ ಕಂಡಿಲ್ಲ.

ಈಗ ನನ್ನ ಸೋಲಿನ ಪ್ರಸಂಗ. 2022ರ ಕೊನೆಯಲ್ಲಿ ತಂತ್ರಜ್ಞಾನದ ಕಂಪನಿಗಳು ಸಾಲುಸಾಲಾಗಿ ಜನರನ್ನು ತೆಗೆಯತೊಡಗಿದ್ದು ನಿಮಗೆ ಗೊತ್ತು. 2023ರ ಫೆಬ್ರವರಿಯಲ್ಲಿ ಶಿವಮೊಗ್ಗದ ಕಡೆಯ ಯುವಕನೊಬ್ಬ ನನ್ನಲ್ಲಿಗೆ ಬಂದ. ಎಚ್-1ಬಿ ವೀಸಾ, ಹೆಂಡತಿ, ನಾಲ್ಕು ವರ್ಷದ ಮಗ. ಕೆಲಸ ಹೋಗಿ ಹತ್ತು ದಿನವಾಗಿತ್ತು. ನಾನು ಕಲಿತ ಕ್ರಮದಲ್ಲಿಯೇ ಆರಂಭಿಸಿದೆ. ಎರಡು ನಿಮಿಷ ಉಸಿರನ್ನು ಗಮನಿಸಿದೆವು. ಆಮೇಲೆ ಕೇಳಿದೆ: 'ಈ ಪರಿಸ್ಥಿತಿಯಲ್ಲಿ ನಿಮ್ಮ ಕೈಯಲ್ಲಿರುವುದು ಏನು?'

ಅವನು ಹೇಳಿದ: 'ಮೇಡಂ, ನನ್ನ ಕೈಯಲ್ಲಿ ಐವತ್ತು ದಿನ ಇದೆ. ಅದರಲ್ಲಿ ಎರಡು ನಿಮಿಷ ಈಗ ಉಸಿರಾಡಿದೆ.'

ಒರಟುತನದಿಂದ ಹೇಳಿದ್ದಲ್ಲ. ಬಹಳ ಮರ್ಯಾದೆಯ ಹುಡುಗ. ಲೆಕ್ಕ ಹೇಳಿದ, ಅಷ್ಟೆ. 2017ರ ಜನವರಿಯಿಂದ ಜಾರಿಯಲ್ಲಿರುವ ನಿಯಮದಂತೆ ಕೆಲಸ ಹೋದ ಎಚ್-1ಬಿ ನೌಕರನಿಗೆ ಹೆಚ್ಚೆಂದರೆ 60 ದಿನದ ಕಾಲಾವಕಾಶ. ಅಷ್ಟರೊಳಗೆ ಮತ್ತೊಬ್ಬ ಉದ್ಯೋಗದಾತ ಅರ್ಜಿ ಸಲ್ಲಿಸಬೇಕು, ಇಲ್ಲವೇ ಬೇರೆ ವೀಸಾ ದಾರಿ ಹುಡುಕಬೇಕು, ಇಲ್ಲವೇ ಹೊರಡಬೇಕು. ಉದ್ಯೋಗದ ಆಧಾರದ ಗ್ರೀನ್ ಕಾರ್ಡುಗಳಲ್ಲಿ ಯಾವ ಒಂದು ದೇಶದವರಿಗೂ ನೂರಕ್ಕೆ ಏಳಕ್ಕಿಂತ ಹೆಚ್ಚು ಸಲ್ಲದೆಂಬ ಮಿತಿಯಿಂದಾಗಿ ಭಾರತದಲ್ಲಿ ಹುಟ್ಟಿದವರು ದಶಕಗಟ್ಟಲೆ ಇದೇ ಅಂಚಿನಲ್ಲಿ ಬದುಕುತ್ತಾರೆ. ಅವನ ಎದುರು ಕುಳಿತಿದ್ದ ನನ್ನ ಬಳಿ ಗ್ರೀನ್ ಕಾರ್ಡೂ ಅಲ್ಲ, ಅಷ್ಟು ಹೊತ್ತಿಗೆ ಪೌರತ್ವವೇ ಇತ್ತು. ಅವನಲ್ಲಿ ಕೊರತೆಯೇನೂ ಇರಲಿಲ್ಲ, ಕೊರತೆಯಿದ್ದದ್ದು ನಿಯಮದಲ್ಲಿ. ನಾನು ನಿಯಮವನ್ನು ಬಿಟ್ಟು ಅವನ ಒಳಗನ್ನು ಪ್ರಶ್ನಿಸುತ್ತಿದ್ದೆ. ಬಾರ್ಬರಾ ಎರೆನ್‌ರೈಕ್ ಅವರು ಕೆಲಸ ಹುಡುಕುವ ನೌಕರಳ ವೇಷದಲ್ಲಿ ತಿಂಗಳುಗಟ್ಟಲೆ ಕೋಚ್‌ಗಳ ಸುತ್ತ ಅಲೆದು 2005ರಲ್ಲಿ 'ಬೇಟ್ ಆ್ಯಂಡ್ ಸ್ವಿಚ್' ಬರೆದದ್ದು ಇದನ್ನೇ: ಕೆಲಸ ಹೋದವನಿಗೆ, ತಪ್ಪು ನಿನ್ನ ಮನೋಭಾವದ್ದೆಂದು ಮತ್ತೆ ಮತ್ತೆ ಕಲಿಸಲಾಗುತ್ತದೆ. ನಾನದನ್ನು ಓದಿ ಮೆಚ್ಚಿದ್ದೆ. ಮೆಚ್ಚಿದವಳೇ ಅದನ್ನು ಮಾಡಿದೆ, ಅದಕ್ಕೆ ಹಣವನ್ನೂ ತೆಗೆದುಕೊಂಡೆ.

ಹಣ ಹಿಂತಿರುಗಿಸಿದೆ. ವಲಸೆ ಕಾನೂನಿನ ವಕೀಲರೊಬ್ಬರ ಬಳಿ ಅವನೊಡನೆ ಹೋದೆ, ಗೊತ್ತಿದ್ದ ನಾಲ್ಕಾರು ಕಚೇರಿಗಳಿಗೆ ಬರೆದೆ. ಫಲಿಸಲಿಲ್ಲ. ಐವತ್ತಮೂರನೆಯ ದಿನ ಅವರು ಹೊರಟರು. ವಿಮಾನಕ್ಕೆ ಹಿಡಿಸದ ಮಗುವಿನ ಸೈಕಲ್ ನನ್ನ ಗ್ಯಾರೇಜಿನಲ್ಲಿದೆ.

ಆ ದಿನಗಳಲ್ಲಿಯೇ ವಿವೇಕ್ ಮೂರ್ತಿ ಅವರ ಲೇಖನವೊಂದು ಪತ್ರಿಕೆಯಲ್ಲಿ ಬಂತು. ಮಂಡ್ಯ ಜಿಲ್ಲೆಯ ಹಲ್ಲೆಗೆರೆಯ ಕುಟುಂಬದವರು, ನಮ್ಮವರೆಂದು ನಾವೆಲ್ಲ ಎದೆಯುಬ್ಬಿಸಿದ್ದೆವು. 2014ರ ಕೊನೆಯಲ್ಲಿ ಅಮೆರಿಕದ ಸರ್ಜನ್ ಜನರಲ್ ಆದವರನ್ನು 2017ರ ಏಪ್ರಿಲ್‌ನಲ್ಲಿ ಹೊಸ ಸರ್ಕಾರ ಕೆಳಗಿಳಿಸಿತು. ನಾವು ಮಾತನಾಡಿಕೊಂಡದ್ದು ರಾಜಕೀಯವನ್ನು. ಅವರು ಬರೆದದ್ದು ಬೇರೆ: ಹುದ್ದೆಯಲ್ಲಿದ್ದಾಗ ಕೆಲಸದ ನೆಪದಲ್ಲಿ ಗೆಳೆಯರನ್ನೆಲ್ಲ ದೂರವಿಟ್ಟಿದ್ದು, ಹುದ್ದೆ ಹೋದ ಮೇಲೆ ಅವರನ್ನು ಕರೆಯಲು ನಾಚಿಕೆಯಾಗಿದ್ದು, ತಾವು ಒಂಟಿತನದಲ್ಲಿ ಮುಳುಗಿದ್ದು. ಇಷ್ಟನ್ನು ಒಬ್ಬ ಗಂಡಸು, ಅದೂ ನಮ್ಮ ಸಮಾಜದ 'ಯಶಸ್ವಿ' ಗಂಡಸು, ಸಾರ್ವಜನಿಕವಾಗಿ ಒಪ್ಪಿಕೊಂಡದ್ದನ್ನು ನಾನು ಮೊದಲು ಕಂಡದ್ದು ಅಲ್ಲಿ. ಎರಡನೆಯ ಸಲ ಅದೇ ಹುದ್ದೆಗೆ ಬಂದಾಗ, 2023ರ ಮೇ ತಿಂಗಳಿನಲ್ಲಿ ಅವರು ಹೊರಡಿಸಿದ ವರದಿ ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದು ಸಾರಿತು. ಸಾಮಾಜಿಕ ಸಂಬಂಧಗಳ ಕೊರತೆ ಆಯುಸ್ಸಿಗೆ ಮಾಡುವ ಹಾನಿಯನ್ನು ದಿನಕ್ಕೆ 15 ಸಿಗರೇಟಿನವರೆಗಿನ ಹಾನಿಗೆ ಹೋಲಿಸಿತು. ಅದಕ್ಕಿಂತ ನನಗೆ ಮುಖ್ಯವೆನಿಸಿದ್ದು 2022ರಲ್ಲಿ ಅವರು ದುಡಿಮೆಯ ಸ್ಥಳಗಳಿಗಾಗಿ ರೂಪಿಸಿದ ಚೌಕಟ್ಟು. ಅದರಲ್ಲಿ ಮೊದಲನೆಯದೇ ಹಾನಿಯಿಂದ ರಕ್ಷಣೆ. ನೌಕರನ ಮನಸ್ಸಿಗೆ ವ್ಯಾಯಾಮ ಹೇಳುವ ಮುಂಚೆ ಮಾಲೀಕನ ಹೊಣೆಯನ್ನು ಹೇಳಬೇಕೆಂಬ ಕ್ರಮ ಅದು. 2025ರ ಜನವರಿಯಲ್ಲಿ ಹುದ್ದೆಯಿಂದ ಇಳಿಯುವಾಗ ಬರೆದ ಬೀಳ್ಕೊಡುಗೆಯ ಪತ್ರದಲ್ಲಿ ಅವರು ಬದುಕಿನ ಗುರಿಯನ್ನು ಒಂಟಿಯಾಗಿ ಹೆಸರಿಸಲಿಲ್ಲ. ಸಂಬಂಧ, ಸೇವೆ, ಗುರಿ ಮೂರನ್ನೂ ಸಮುದಾಯದ ಒಳಗೆ ಇಟ್ಟರು.

ಇದೇ ಪ್ರಿನ್ಸ್ ಜಾರ್ಜ್ಸ್ ಕೌಂಟಿಯ ದಕ್ಷಿಣದ ತುದಿಯಲ್ಲಿ, ಇಲ್ಲಿಂದ ಒಂದು ಗಂಟೆಯೊಳಗಿನ ದಾರಿಯ ಆಕೋಕೀಕ್‌ನಲ್ಲಿ, 2023ರ ಅಕ್ಟೋಬರ್ 14ರಂದು ಅಂಬೇಡ್ಕರರ 19 ಅಡಿ ಎತ್ತರದ ಪ್ರತಿಮೆ ಅನಾವರಣಗೊಂಡಿತು. ರಾಮ್ ಸುತಾರ್ ಕಡೆದದ್ದು. 1956ರಲ್ಲಿ ಬಾಬಾಸಾಹೇಬರು ನಾಗಪುರದಲ್ಲಿ ಬೌದ್ಧಧರ್ಮವನ್ನು ಸ್ವೀಕರಿಸಿದ ದಿನವದು. ನಾನು ಮಗಳೊಡನೆ ಅಲ್ಲಿಗೆ ಹೋದದ್ದು ಆ ಚಳಿಗಾಲದಲ್ಲಿ. ಹಿಂತಿರುಗಿ ಬಂದು, ಅವರ ಮರಣಾನಂತರ 1957ರಲ್ಲಿ ಪ್ರಕಟವಾದ ಬುದ್ಧನ ಕುರಿತ ಗ್ರಂಥವನ್ನು ಮತ್ತೆ ತೆರೆದೆ. ಮುದುಕ, ರೋಗಿ, ಹೆಣ ಇವುಗಳನ್ನು ಕಂಡು ಸಿದ್ಧಾರ್ಥ ಮನೆ ಬಿಟ್ಟನೆಂಬ ಕಥೆಯನ್ನು ಅಂಬೇಡ್ಕರರು ಅಲ್ಲಿ ಒಪ್ಪುವುದಿಲ್ಲ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಜಗಳ ಬರುತ್ತದೆ. ಯುದ್ಧವಾಗಬೇಕೆಂದು ಶಾಕ್ಯರ ಸಂಘ ನಿರ್ಣಯಿಸುತ್ತದೆ. ಸಿದ್ಧಾರ್ಥ ವಿರೋಧಿಸಿ, ಬಹುಮತದೆದುರು ಸೋತು, ದೇಶ ತೊರೆಯುತ್ತಾನೆ. ಕಾವೇರಿಯ ಹೆಸರಿನಲ್ಲಿ ಬಸ್ಸುಗಳು ಉರಿದದ್ದನ್ನು ಕಂಡ ನಮಗೆ ಈ ಪ್ರಸಂಗವನ್ನು ವಿವರಿಸಬೇಕಾಗಿಲ್ಲ. ಕಣ್ಣು ಮುಚ್ಚಿ ಕುಳಿತವನೆಂದು ನಾವು ಚಿತ್ರಿಸಿಕೊಂಡಿರುವ ವ್ಯಕ್ತಿ, ಈ ಓದಿನಲ್ಲಿ, ಒಂದು ಸಭೆಯಲ್ಲಿ ಎದ್ದುನಿಂತು ಬೇಡ ಎಂದವನು. ಧ್ಯಾನ ಆಮೇಲಿನದು. ನನ್ನನ್ನು ಕೇಳಿದರೆ ನಾಯಕತ್ವದ ತರಬೇತಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. 2017ರ ಆ ಬೆಳಿಗ್ಗೆ ನಾನು ಆ ಒಂದು ಪುಟವನ್ನು ಓದಲಾರೆ ಎನ್ನಬಹುದಿತ್ತು. ಇನ್ನೊಬ್ಬರು ಓದುತ್ತಿದ್ದರು, ಕೆಲಸಗಳು ಉಳಿಯುತ್ತಿರಲಿಲ್ಲ. ಆದರೂ ಅನ್ನಬಹುದಿತ್ತು.

ಇನ್ನು ಎದುರುಮನೆಯವರ ವಿಷಯ. ಅವರು ಫೆಡರಲ್ ಸರ್ಕಾರದ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ದುಡಿದವರು. 2025ರ ಜನವರಿ 28ರಂದು ಫೆಡರಲ್ ನೌಕರರಿಗೆಲ್ಲ ಬಂದ, 'ಕವಲುದಾರಿ' ಎಂಬ ಶೀರ್ಷಿಕೆಯ ಮಿಂಚಂಚೆಯನ್ನು ಅವರು ನನ್ನ ಅಡುಗೆಮನೆಯಲ್ಲಿ ಕುಳಿತು ಓದಿದರು. ಮೊದಲ ಸುತ್ತಿನಲ್ಲಿಯೇ ಸುಮಾರು 75 ಸಾವಿರ ಜನ ರಾಜೀನಾಮೆಯ ಆ ಕೊಡುಗೆಯನ್ನು ಒಪ್ಪಿಕೊಂಡರು. ಫೆಬ್ರವರಿಯಲ್ಲಿ ಇನ್ನೊಂದು ಬಂತು: ಕಳೆದ ವಾರ ಮಾಡಿದ ಐದು ಕೆಲಸಗಳನ್ನು ಬರೆದು ಕಳಿಸಿ. ತೆರಿಗೆ ಇಲಾಖೆಯ ದೊಡ್ಡ ಕಚೇರಿ ನಮ್ಮ ಲ್ಯಾನ್‌ಹ್ಯಾಮ್‌ನಲ್ಲಿಯೇ ಇದೆ. ನಾಸಾದ ಗೊಡ್ಡಾರ್ಡ್ ಕೇಂದ್ರ ಪಕ್ಕದ ಗ್ರೀನ್‌ಬೆಲ್ಟ್‌ನಲ್ಲಿದೆ. ಈ ಸುತ್ತಿನ ಬೀದಿಗಳಲ್ಲಿ ಆ ಚಳಿಗಾಲ ಹೇಗಿತ್ತೆಂಬುದನ್ನು ನೀವೇ ಕಂಡಿದ್ದೀರಿ. ಇಷ್ಟು ವರ್ಷ ನಾವು, ಸಾಫ್ಟ್‌ವೇರಿನ ವಲಸಿಗರು, ಕೆಲಸದ ಅಭದ್ರತೆ ನಮ್ಮದೊಂದೇ ಪಾಡು ಎಂದುಕೊಂಡಿದ್ದೆವು. ಸರ್ಕಾರಿ ನೌಕರಿ ಎಂಬ ಒಂದೇ ಏಣಿಯನ್ನು ಹತ್ತಿ ಮಧ್ಯಮವರ್ಗ ಸೇರಿದ ಕಪ್ಪು ಜನರ ಮನೆಗಳು ನಮ್ಮ ಎದುರಿಗೇ ಇದ್ದವು, ನಮಗೆ ಕಂಡಿರಲಿಲ್ಲ.

ಅವರಿಗೆ ನಾನು ಕೋಚ್ ಆಗಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇಬ್ಬರೂ ಸೇರಿ ಆ ಮಾರ್ಚ್‌ನಿಂದ ಸಾರ್ವಜನಿಕ ಗ್ರಂಥಾಲಯದ ಒಂದು ಕೋಣೆಯಲ್ಲಿ ಶನಿವಾರದ ಬೈಠಕ್ ನಡೆಸುತ್ತಿದ್ದೇವೆ. ಹನ್ನೆರಡು ಜನ ಬಂದ ವಾರವಿದೆ, ನಾಲ್ವರು ಬಂದ ವಾರವಿದೆ. ಮೊದಲ ಇಪ್ಪತ್ತು ನಿಮಿಷ ಮೌನ. ಆಮೇಲೆ ನಿರುದ್ಯೋಗ ಭತ್ಯೆಯ ಅರ್ಜಿ, ಆರೋಗ್ಯ ವಿಮೆ, ಮನೆಯ ಕಂತು, 60 ದಿನದ ಲೆಕ್ಕ. ನಿವೃತ್ತ ವಕೀಲರೊಬ್ಬರು ತಿಂಗಳಿಗೊಮ್ಮೆ ಬಂದು ಕೂರುತ್ತಾರೆ. ಯಾವ ನಿಯಮ ಯಾರ ಕೈಯಲ್ಲಿದೆ, ಯಾವ ಜನಪ್ರತಿನಿಧಿಗೆ ಪತ್ರ ಬರೆಯಬೇಕು ಎಂಬುದೂ ಅಲ್ಲಿಯೇ ತೀರ್ಮಾನವಾಗುತ್ತದೆ. ಮೌನ ಬೇಡವೆಂದು ಕೆಲವರು ಆರಂಭದಲ್ಲಿ ಹೇಳಿದರು. ಒಂದು ವಾರ ಬಿಟ್ಟು ನೋಡಿದೆವು. ಅಂದು ಎಲ್ಲರೂ ಒಟ್ಟಿಗೆ ಮಾತನಾಡಿದರು, ಯಾರೂ ಯಾರನ್ನೂ ಕೇಳಲಿಲ್ಲ. ಮುಂದಿನ ವಾರ ಮೌನ ಮರಳಿತು.

ನೂರು ಗಂಟೆಗಳ ತರಬೇತಿಯಲ್ಲಿ ನಾನು ಕಲಿಯದ ಒಂದನ್ನು ಎದುರುಮನೆಯವರು ಅಲ್ಲಿ ಪ್ರತಿ ವಾರ ಮಾಡುತ್ತಾರೆ. ಮೌನ ಮುಗಿದೊಡನೆ ಸುತ್ತ ಒಮ್ಮೆ ನೋಡಿ, ಇವತ್ತು ಯಾರು ಬಂದಿಲ್ಲ ಎಂದು ಕೇಳುತ್ತಾರೆ. ಬಾರದವರ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ. ಬೈಠಕ್ ಮುಗಿದ ಮೇಲೆ, ಕಾರು ನಿಲ್ಲಿಸಿದ ಜಾಗದಲ್ಲಿ ನಿಂತು, ಒಬ್ಬೊಬ್ಬರಿಗೂ ಫೋನ್ ಮಾಡುತ್ತಾರೆ. ಚಳಿಯಲ್ಲಿಯೂ. ಕಳೆದ ಶನಿವಾರ ಚೀಟಿಯಲ್ಲಿ ಮೂರು ಹೆಸರುಗಳಿದ್ದವು. ಅವುಗಳಲ್ಲಿ ಒಂದು ಕನ್ನಡದ ಹೆಸರು. ಇದನ್ನು ನೀನು ಮಾಡು, ನಿನ್ನ ಭಾಷೆಯಲ್ಲಿ ಕೇಳಿದರೆ ಹೇಳಿಯಾನು ಎಂದು ಚೀಟಿಯನ್ನು ನನ್ನ ಕೈಗೆ ಕೊಟ್ಟರು. ಎರಡು ಸಲ ಮಾಡಿದೆ, ಆ ಹುಡುಗ ಎತ್ತಲಿಲ್ಲ. ಈ ಸಭೆ ಮುಗಿದ ಮೇಲೆ ಮತ್ತೆ ಮಾಡುವವಳಿದ್ದೇನೆ. ಬೈಠಕ್ ಬೆಳಿಗ್ಗೆ ಹತ್ತಕ್ಕೆ; ಕಾಫಿಯ ಹೊಣೆ ನನ್ನದು. ನಿಮಗೆ ಗೊತ್ತಿರುವ ಯಾರಾದರೂ ಬಾರದೆ ಉಳಿದಿದ್ದರೆ ಹೆಸರನ್ನು ನನಗೆ ಹೇಳಿ ಹೋಗಿ.